ಯಕೃತ್ತಿನ ಗಡಿಯಲ್ಲಿ ನೋಟ ನಿಲ್ಲದಿರಲಿ

ತಂಗಡಗಿಯ ಕೃಷ್ಣಾತೀರದವರಿಗೆ ಸಂಗಮವೆಂಬುದು ಹೊಸ ಮಾತಲ್ಲ. ಸಮೀಪದ ಕೂಡಲಸಂಗಮದಲ್ಲಿ ಮಲಪ್ರಭೆಯು ಕೃಷ್ಣೆಯನ್ನು ಕೂಡುತ್ತದೆ. ಉಪನದಿಯಲ್ಲಿ ತೇಲಿದುದು ಮಹಾನದಿಗೂ ಬಂದೇ ತೀರುತ್ತದೆ. ನಮ್ಮ ದೇಹದಲ್ಲಿಯೂ ಇಂತಹುದೊಂದು ಸಂಗಮವುಂಟು. ಯಕೃತ್ತಿನ ರಕ್ತವನ್ನು ಹೊತ್ತ ಸಿರೆಗಳು ಅಧೋಮಹಾಸಿರೆಯನ್ನು ಸೇರುತ್ತವೆ. ಆ ಮಹಾಸಿರೆಯು ಒಂದೆರಡು ಅಂಗುಲ ಮೇಲೇರುವುದರೊಳಗೆ ಹೃದಯದ ಬಲ ಮೇಲ್ಕೋಣೆಯನ್ನು ಹೊಗುತ್ತದೆ.

ಯಕೃತ್ತಿನ ಕ್ಯಾನ್ಸರು ಕೆಲವೊಮ್ಮೆ ಇದೇ ಮಾರ್ಗವನ್ನು ಹಿಡಿಯುತ್ತದೆ. ಗಂತಿಯು ಸಿರೆಯ ಗೋಡೆಯನ್ನು ಭೇದಿಸಿ, ಅದರೊಳಗೆ ಬಳ್ಳಿಯಂತೆ ಬೆಳೆದು, ಹೃದಯದವರೆಗೂ ಚಾಚುತ್ತದೆ. ಇದು ವಿರಳ, ಆದರೆ ಒದಗಿದಾಗ ಘೋರ. ಕಾಲುಗಳು ಬಾಯುತ್ತವೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಏದುಸಿರು ಬರುತ್ತದೆ. ಗಂತಿಯ ಚೂರೊಂದು ಕಳಚಿ ಶ್ವಾಸಕೋಶದ ರಕ್ತನಾಳವನ್ನು ಮುಚ್ಚಿದರೆ ಹಠಾತ್ತಾಗಿ ಮರಣವೂ ಸಂಭವಿಸಬಹುದು. ಕೆಲವು ರೋಗಿಗಳಲ್ಲಿಯಾದರೋ ಯಾವ ಸೂಚನೆಯೂ ತೋರದು.

ಇದನ್ನು ಕಾಣಲು ದೇಹವನ್ನು ಕೊಯ್ಯಬೇಕಾಗಿಲ್ಲ. ಕಿವಿಗೆ ಕೇಳಿಸದ ಧ್ವನಿಯ ಮರುದನಿಯೇ ಸಾಕು. 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ವೈದ್ಯ ಎಡ್ಲರ್ ಮತ್ತು ಭೌತವಿಜ್ಞಾನಿ ಹರ್ಟ್ಸ್ ಅವರು ಮಿಡಿಯುವ ಹೃದಯದಿಂದ ಇಂತಹ ಮರುದನಿಯನ್ನು ಪಡೆದು ದಾಖಲಿಸಿದರು. ನಮ್ಮ ಹಳ್ಳಿಗರು ಸ್ಕ್ಯಾನಿಂಗ್ ಎಂದೊಡನೆ ಬಸುರಿಯ ಪರೀಕ್ಷೆಯೆಂದು ತಿಳಿಯುವುದುಂಟು. ಅದೇ ತತ್ತ್ವದ ಉಪಕರಣವೇ ಯಕೃತ್ತಿನ ಗಂತಿಯನ್ನೂ ಸಿರೆಯೊಳಗಿನ ಅದರ ಬೆಳವಣಿಗೆಯನ್ನೂ ತೋರಿಸಬಲ್ಲದು. ಸಿರೆಯಲ್ಲಿ ಕಂಡ ಗಡ್ಡೆಯೊಳಗೆ ರಕ್ತವು ಹರಿಯುತ್ತಿರುವುದನ್ನು ಡಾಪ್ಲರ್ ವಿಧಾನವು ತೋರಿಸಿದರೆ, ಅದು ಬರಿಯ ಹೆಪ್ಪಲ್ಲ, ಕ್ಯಾನ್ಸರೇ ಇರಬೇಕೆಂಬ ಶಂಕೆ ಬಲಗೊಳ್ಳುತ್ತದೆ.

ಆದರೆ ಉಪಕರಣವು ನಾವು ತಿರುಗಿಸಿದತ್ತ ಮಾತ್ರ ನೋಡುತ್ತದೆ. ಹೊಟ್ಟೆಗೊಬ್ಬ ವೈದ್ಯ, ಎದೆಗೊಬ್ಬ ವೈದ್ಯ ಎಂಬ ವಿಭಾಗವು ನಮ್ಮ ಅನುಕೂಲಕ್ಕಾಗಿ ಆದುದು. ರೋಗವು ಅದನ್ನು ಮನ್ನಿಸುವುದಿಲ್ಲ. ಯಕೃತ್ತಿನಲ್ಲಿ ಗಂತಿಯನ್ನು ಕಂಡವರು ಮಹಾಸಿರೆಯನ್ನೂ ಹೃದಯದ ದ್ವಾರವನ್ನೂ ನೋಡಿದ ಹೊರತು ಪರೀಕ್ಷೆಯನ್ನು ಮುಗಿಸಬಾರದೆಂಬುದು ನಮ್ಮ ಅಭಿಪ್ರಾಯ.

ಹೃದಯವನ್ನು ಮುಟ್ಟಿದ ಮೇಲೆ ತಿಳಿದು ಫಲವೇನೆಂದು ಕೆಲವರು ಕೇಳಬಹುದು. ಆ ವೇಳೆಗೆ ಗುಣದ ಆಸೆ ಕಡಿಮೆಯೆಂಬುದು ನಿಜ. ಆದರೂ ಯಾವ ಚಿಕಿತ್ಸೆ ತಕ್ಕುದು, ಯಾವುದು ವ್ಯರ್ಥ ಎಂಬುದನ್ನು ಅರಿತರೆ ರೋಗಿಗೆ ನಿರರ್ಥಕವಾದ ನೋವೂ ಮನೆಯವರಿಗೆ ಸಾಲವೂ ತಪ್ಪಬಹುದು. ಇದಕ್ಕಿಂತ ಮಿಗಿಲಾದುದು, ಗಂತಿ ಚಿಕ್ಕದಿರುವಾಗಲೇ ಹಿಡಿಯುವುದು. ಯಕೃತ್ತು ಗಡುಸಾಗಿ ಸಿರೋಸಿಸ್ ಆದವರು ಆರು ತಿಂಗಳಿಗೊಮ್ಮೆ ಈ ಪರೀಕ್ಷೆಯನ್ನು ಮಾಡಿಸಿಕೊಳ್ಳಬೇಕೆಂದು ವೈದ್ಯಶಾಸ್ತ್ರವು ಹೇಳುತ್ತದೆ. ಹೆಪಟೈಟಿಸ್ ಬಿ ಸೋಂಕು ಬಹುಕಾಲ ನಿಂತವರಲ್ಲಿ ಅನೇಕರಿಗೂ ಇದು ಅವಶ್ಯ. ತಂಗಡಗಿಯ ರೈತನು ಇದಕ್ಕಾಗಿ ದೂರದ ನಗರಕ್ಕೆ ಅಲೆಯುವಂತಾದರೆ ಎರಡನೆಯ ಸಲ ಹೋಗಲಾರ. ಪರೀಕ್ಷೆಯು ಮುದ್ದೇಬಿಹಾಳದಂತಹ ತಾಲೂಕು ಕೇಂದ್ರದಲ್ಲಿಯೇ, ತಪ್ಪದೆ, ದೊರೆಯುವಂತಾಗಬೇಕು. ಹೊಳೆಯ ಕಸವನ್ನು ಸಂಗಮಕ್ಕಿಂತ ಮೊದಲೇ ತಡೆಯುವುದು ಲೇಸಲ್ಲವೆ?