ಹತ್ತು ದಿನ ಅಲ್ಲಿ, ಹನ್ನೊಂದನೇ ದಿನ ಮನೆಯಲ್ಲಿ



ಈ ಸಲ ರೋಗಿಗಳ ಕಥೆ ಬೇಡ, ನನ್ನದೇ ಹೇಳುತ್ತೇನೆ. ಹದಿನೈದು ವರ್ಷದಿಂದ ಎಲ್ಲರಿಗೂ "ಉಪ್ಪು ಕಡಿಮೆ ಮಾಡಿ, ದಿನಾ ನಡೆಯಿರಿ, ಹೊತ್ತಿಗೆ ಸರಿಯಾಗಿ ಮಲಗಿ" ಎಂದು ಹೇಳಿದ ಹೃದ್ರೋಗ ವೈದ್ಯ ನಾನು. ಈಗ ನನಗೆ ನಲವತ್ತಾರು. ಕಳೆದ ದೀಪಾವಳಿಗೆ ಮುಂಚೆ ನರ್ಸ್ ಒಬ್ಬರು ತಮಾಷೆಗೆ ನನ್ನ ಬಿಪಿ ನೋಡಿದರು. 152/96. ಮರುದಿನವೂ, ಮುಂದಿನ ವಾರವೂ ಹೆಚ್ಚುಕಡಿಮೆ ಅಷ್ಟೇ. ಮಾತ್ರೆ ಶುರುವಾಯಿತು. ಹೆಂಡತಿ ಅಷ್ಟಕ್ಕೇ ಬಿಡಲಿಲ್ಲ. ಹತ್ತು ದಿನ ರಜೆ ಹಾಕಿಸಿ ಪುಣೆಯ ಹೊರಗಿನ ಒಂದು ಪ್ರಕೃತಿ ಚಿಕಿತ್ಸಾ ಕೇಂದ್ರಕ್ಕೆ ಕಳಿಸಿದಳು.

ಎಂ.ಡಿ. ಓದಿದವನಿಗೆ ಮಣ್ಣಿನ ಪಟ್ಟಿಯಿಂದ ಕಲಿಯುವುದೇನಿದೆ ಎಂಬ ಅಹಂಕಾರ ಇಟ್ಟುಕೊಂಡೇ ಹೋದೆ. ಬಾಗಿಲಲ್ಲೇ ಫೋನ್ ತೆಗೆದಿಟ್ಟುಕೊಂಡರು. ಬೆಳಿಗ್ಗೆ ಐದೂವರೆಗೆ ಗಂಟೆ, ನಡಿಗೆ, ಯೋಗ, ಉಪ್ಪಿಲ್ಲದ ಪಲ್ಯ. ಕಾಫಿ ಇಲ್ಲದೆ ಎರಡು ದಿನ ತಲೆನೋವು, ಸಿಡುಕು. ಮೂರನೇ ದಿನ ಸೋರೆಕಾಯಿಗೂ ಒಂದು ರುಚಿಯಿದೆ ಎಂದು ಗೊತ್ತಾಯಿತು.

ಅಲ್ಲಿ ಸುಮ್ಮನೆ ಕೂತಾಗ ನಮ್ಮ ಮನೆಯ ಊಟದ ಟೇಬಲ್ ಕಣ್ಣಮುಂದೆ ಬಂತು. ಧಾರವಾಡದಿಂದ ಬರುವ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ. ಹೊರರಾಜ್ಯದಲ್ಲಿರುವ ನಮಗೆ ಆ ಡಬ್ಬಿ ಎಂದರೆ ಊರೇ. ಅದಕ್ಕೇ ಲೆಕ್ಕವಿಲ್ಲದೆ ತಿನ್ನುತ್ತೇವೆ. ಅದರಲ್ಲಿ ಉಪ್ಪು ಎಷ್ಟಿದೆ ಎಂದು ವೈದ್ಯನಾದ ನಾನೇ ಯೋಚಿಸಿರಲಿಲ್ಲ.

ಆದರೆ ದೊಡ್ಡ ಪಾಠ ಕಲಿಸಿದ್ದು ನನ್ನ ಕೋಣೆಯಲ್ಲಿದ್ದ ಸೋಲಾಪುರದ ಕಾಕಾ. ಮೂರು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿಕೊಂಡವರು. ನಾಲ್ಕನೇ ರಾತ್ರಿ ಹೇಳಿದರು: "ಗುಳಿಗಿ ಬಿಟ್ಟು ಎಂಟು ದಿನಾ ಆತ್ರೀ ಡಾಕ್ಟರ್ ಸಾಹೇಬ್ರ. ಆರಾಮ ಅದೀನಿ."

ಒಪಿಡಿಯಲ್ಲಾಗಿದ್ದರೆ ಬೈದುಬಿಡುತ್ತಿದ್ದೆ. ಅವತ್ತು ಪುರುಸೊತ್ತಿತ್ತು. "ಯಾಕ್ರೀ ಕಾಕಾ?" ಎಂದು ಕೇಳಿ ಸುಮ್ಮನಾದೆ. ಬಹಳ ಹೊತ್ತಿನ ಮೇಲೆ ನಿಜ ಹೊರಬಂತು: "ತಿಂಗಳಾ ಗುಳಿಗಿ ರೊಕ್ಕಾ ಮಗನ ಕಡೆ ಕೇಳಾಕ ನಾಚಿಕಿ ಆಗ್ತದ್ರೀ."

ಎಷ್ಟು ರೋಗಿಗಳನ್ನು ನಾನು ಹೀಗೆ ಕೇಳದೆಯೇ ಬೈದು ಕಳಿಸಿದ್ದೇನೋ! ಅವರು ಅಂದೇ ರಾತ್ರಿ ಮಾತ್ರೆ ತೆಗೆದುಕೊಂಡರು. ಬೆಳಿಗ್ಗೆ ಕೇಂದ್ರದ ವೈದ್ಯರಿಗೂ ವಿಷಯ ತಿಳಿಸಿದೆವು. ಜನೌಷಧಿ ಕೇಂದ್ರದಲ್ಲಿ ಅವೇ ಔಷಧಿಗಳು ಎಷ್ಟೋ ಕಡಿಮೆ ಬೆಲೆಗೆ ಸಿಗುತ್ತವೆ ಎಂದು ಅವರಿಗೆ ಗೊತ್ತೇ ಇರಲಿಲ್ಲ.

ಇನ್ನು ನನ್ನ ಅಭಿಪ್ರಾಯ. ಇಂಥ ಕೇಂದ್ರಗಳಿಗೆ ಖಂಡಿತ ಹೋಗಿ. ಆದರೆ ಪಾಠಶಾಲೆ ಎಂದುಕೊಂಡು ಹೋಗಿ, ರೋಗವನ್ನು ಅಲ್ಲೇ ಬಿಟ್ಟು ಬರುತ್ತೇನೆ ಎಂದಲ್ಲ. ಮೊದಲ ವಾರ ಇಳಿಯುವ ತೂಕದಲ್ಲಿ ಬಹುಪಾಲು ನೀರು. ಅದನ್ನು ನೋಡಿ ಮೋಸಹೋಗಬೇಡಿ.

👉 ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಸ್ಟೆಂಟ್ ಇದ್ದವರು ರಕ್ತ ತೆಳುಮಾಡುವ ಮಾತ್ರೆ ಬಿಟ್ಟರೆ ಸ್ಟೆಂಟ್‌ನೊಳಗೇ ರಕ್ತ ಹೆಪ್ಪುಗಟ್ಟಬಹುದು. ಕೆಲವು ಬಿಪಿ ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೂ ಅಪಾಯ.

👉 ಶುಗರ್‌ಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಉಪವಾಸ ಮಾಡಿದರೆ ಸಕ್ಕರೆ ತೀರಾ ಇಳಿಯಬಹುದು. ಹೊರಡುವ ಮುನ್ನವೇ ನಿಮ್ಮ ವೈದ್ಯರನ್ನು ಕೇಳಿ. ಡೋಸ್ ಕಡಿಮೆಯಾಗಲೂಬಹುದು, ಆದರೆ ಅದನ್ನು ಅವರು ಅಳತೆ ನೋಡಿ ಹೇಳಬೇಕು.

👉 ಇತ್ತೀಚೆಗೆ ಹೃದಯಾಘಾತವಾದವರು, ಹೃದಯ ಅಥವಾ ಕಿಡ್ನಿ ದುರ್ಬಲವಾದವರು ಕೇಳದೆ ಹಬೆಸ್ನಾನ, ಉಪವಾಸ ಮಾಡಬಾರದು.

ಹೋಗಲು ಹಣವಿಲ್ಲವೇ? ಚಿಂತೆ ಬೇಡ. ಗಾಂಧೀಜಿ 1946ರಲ್ಲಿ ಪುಣೆ ಹತ್ತಿರದ ಉರುಳಿ ಕಾಂಚನ್‌ನಲ್ಲಿ ನಿಸರ್ಗೋಪಚಾರ ಆಶ್ರಮ ಶುರುಮಾಡಿದ್ದೇ ಹಳ್ಳಿಯ ಬಡವರಿಗಾಗಿ. ಅದರ ಸಾರ ಮನೆಯಲ್ಲೂ ಆಗುತ್ತದೆ. ವಾರಕ್ಕೆ ಐದು ದಿನ ಮೂವತ್ತು ನಿಮಿಷ ಚುರುಕಾಗಿ ನಡೆಯಿರಿ. ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ನಾಲ್ಕು ಜನರ ಮನೆಯಲ್ಲಿ ಒಂದು ಕಿಲೋ ಪ್ಯಾಕೆಟ್ ಕನಿಷ್ಠ 50 ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳದ ಉಪ್ಪು ಬೇರೆ ಇದೆ, ಹಾಗಾಗಿ ಇನ್ನೂ ಹೆಚ್ಚು ದಿನ ಬಂದರೆ ಒಳ್ಳೆಯದು. ಇವತ್ತೇ ಪ್ಯಾಕೆಟ್ ಮೇಲೆ ತಾರೀಖು ಬರೆದಿಡಿ.

ನನ್ನ ಬಿಪಿ ಈಗ 128/82. ಮಾತ್ರೆ ಇನ್ನೂ ಇದೆ, ನಡಿಗೆಯೂ ಇದೆ. ಊರಿನ ಡಬ್ಬಿಯೂ ಬರುತ್ತದೆ, ಆದರೆ ಭಾನುವಾರ ಮಾತ್ರ ತೆರೆಯುತ್ತೇವೆ.

ಕೊನೆಗೆ ಒಂದು ವಿನಂತಿ. ಈ ವಾರ ಅಪ್ಪ ಅಮ್ಮನಿಗೆ ಫೋನ್ ಮಾಡಿದಾಗ "ಗುಳಿಗೆ ತಗೊಂಡ್ರಾ?" ಎಂದಷ್ಟೇ ಕೇಳಬೇಡಿ. "ಗುಳಿಗೆ ಎಷ್ಟು ದಿನಕ್ಕೆ ಉಳಿದಿದೆ? ನಾನೇ ತರಿಸಿಕೊಡ್ತೀನಿ" ಎನ್ನಿ. ಅವರಾಗಿ ಕೇಳಲಿ ಎಂದು ಕಾಯಬೇಡಿ.

ಉಪಯೋಗವಾಗುತ್ತದೆ ಅನಿಸಿದರೆ ನಿಮ್ಮವರಿಗೂ ಕಳುಹಿಸಿ. 🙏