ಕಳೆಗೆ ದಾರಿ ಬಿಟ್ಟವರು ಯಾರು?

ನಮ್ಮ ಬಸದಿಗಳ ಟ್ರಸ್ಟ್ ಸಭೆಗಳಲ್ಲಿ ಆಗಾಗ ಒಂದು ಚರ್ಚೆ ಏಳುವುದುಂಟು. ಬಸದಿಯ ಹಿಂದಿನ ಜಮೀನನ್ನು ಲಂಟಾನ, ಪಾರ್ಥೇನಿಯಂಗಳು ವ್ಯಾಪಿಸಿವೆ, ಕಡಿಸಬೇಕೆ, ಬೇಡವೆ? ಕಡಿದರೆ ಏಕೇಂದ್ರಿಯ ಜೀವಹಿಂಸೆಯೆಂದು ಕೆಲವರು. ಜೆಸಿಬಿ ತರಿಸಿ ಒಂದೇ ದಿನದಲ್ಲಿ ಮುಗಿಸೋಣವೆಂದು ಇನ್ನು ಕೆಲವರು. ಉಭಯ ಪಕ್ಷದವರೂ ಗಿಡವನ್ನೇ ನೋಡುತ್ತಾರೆ, ಅದು ನಿಂತ ನೆಲವನ್ನು ನೋಡುವುದಿಲ್ಲ. ನಮ್ಮ ಆಕ್ಷೇಪವಿರುವುದು ಇಲ್ಲಿಯೇ.

ಲಂಟಾನ ಅಮೆರಿಕ ಖಂಡದ ಉಷ್ಣವಲಯದ ಸಸ್ಯ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಆಂಗ್ಲರು ಉದ್ಯಾನದ ಅಲಂಕಾರಕ್ಕೆಂದು ತಂದರು. ಪಿಕಳಾರದಂತಹ ಹಕ್ಕಿಗಳು ಅದರ ಹಣ್ಣು ತಿಂದು ಬೀಜ ಹರಡುತ್ತವೆ, ನಿಜ. ಆದರೆ ದಟ್ಟ ನೆರಳಿನಲ್ಲಿ ಬಿದ್ದ ಬೀಜಕ್ಕೆ ಏಳಿಗೆಯಿಲ್ಲ. ಅದಕ್ಕೆ ಬಿಸಿಲು ಬೇಕು, ಕದಡಿದ ಮಣ್ಣು ಬೇಕು. ರಸ್ತೆಗೆಂದು ಕಾಡು ಸೀಳಿ, ಸಾಗುವಾನಿ ನೆಡಲು ಸಹಜ ವನವನ್ನು ತೆರವು ಮಾಡಿ, ಮಿತಿ ಮೀರಿ ದನ ಮೇಯಿಸಿ ಇವೆರಡನ್ನೂ ಒದಗಿಸಿದವರು ಮನುಷ್ಯರು. ಹಕ್ಕಿಯನ್ನು ದೂರುವುದು ಯಾವ ನ್ಯಾಯ?

ಪಾರ್ಥೇನಿಯಂ ಕಥೆಯೂ ಬೇರೆಯಲ್ಲ. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟ ಈ ಕಳೆ ಹುಲ್ಲು ತುಂಬಿದ ಗೋಮಾಳಕ್ಕಿಂತ, ಬಡಾವಣೆಗೆಂದು ಸಮತಟ್ಟು ಮಾಡಿ ಪಾಳು ಬಿಟ್ಟ ನಿವೇಶನದಲ್ಲಿಯೇ ಸೊಕ್ಕಿ ಬೆಳೆಯುತ್ತದೆ. 1984ರಲ್ಲಿ ಇದನ್ನು ತಿನ್ನಲು ಮೆಕ್ಸಿಕೋ ಮೂಲದ ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಡಲಾಯಿತು. ನಾಲ್ಕು ದಶಕಗಳಾದರೂ ಖಾಲಿ ನಿವೇಶನಗಳು ಹೇಗಿವೆಯೆಂಬುದನ್ನು ವಾಚಕರೇ ಕಣ್ಣಾರೆ ನೋಡುತ್ತಿದ್ದಾರೆ.

ಬಿಳಿಗಿರಿರಂಗನ ಬೆಟ್ಟದ ಉದಾಹರಣೆ ಇನ್ನೂ ವಿಚಾರಣೀಯ. ಅಲ್ಲಿನ ಸೋಲಿಗರು ಬೇಸಿಗೆ ಬಲಿಯುವ ಮುನ್ನ ಒಣ ತರಗೆಲೆಗೆ ಸಣ್ಣ ಬೆಂಕಿ ಹಚ್ಚುತ್ತಿದ್ದರು. ಅದಕ್ಕೆ ಅವರು ತರಗು ಬೆಂಕಿ ಎನ್ನುತ್ತಾರೆ. 1974ರಲ್ಲಿ ಅಭಯಾರಣ್ಯ ಘೋಷಣೆಯಾದ ಮೇಲೆ ಈ ಪದ್ಧತಿಗೆ ತಡೆಯಾಯಿತು. ಲಂಟಾನ ಹಬ್ಬಲು ಇದೇ ಕಾರಣವೆಂಬುದು ಸೋಲಿಗರ ಅಭಿಪ್ರಾಯ. ಅಲ್ಲಿ ನಡೆದ ಸಮೀಕ್ಷೆಗಳಲ್ಲಿ 1997ರಲ್ಲಿ ಶೇಕಡ 41ರಷ್ಟು ತಾಕುಗಳಲ್ಲಿದ್ದ ಲಂಟಾನ 2008ರಲ್ಲಿ ಶೇಕಡ 81ರಷ್ಟು ತಾಕುಗಳಲ್ಲಿ ಕಂಡುಬಂತು. ಕಾಡಿಗೆ ಬೆಂಕಿಯಿಡುವುದು ಶ್ರಾವಕನಿಗೆ ನಿಷಿದ್ಧವೆಂಬುದನ್ನು ಬಲ್ಲೆವು. ಬೆಂಕಿಯ ಪರ ವಕಾಲತ್ತು ನಮ್ಮದಲ್ಲ. ಆದರೆ ನೆಲವನ್ನು ಬಲ್ಲವರನ್ನು ಕೇಳದೆ ನೆಲದ ಬಳಕೆಯನ್ನು ಬದಲಿಸಿದರೆ ಆಗುವ ಹಿಂಸೆ ಸಣ್ಣದೆ? 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಒಣಗಿದ ಲಂಟಾನ ಪೊದೆಗಳೇ ಸೌದೆಯಾದವು. ಅದರಲ್ಲಿ ಸತ್ತ ಜೀವಗಳ ಲೆಕ್ಕ ಯಾರ ಖಾತೆಗೆ?

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಪ್ರಯೋಜನವಿಲ್ಲದೆ ನೆಲ ಅಗೆಯುವುದನ್ನೂ ಸಸ್ಯ ಕಡಿಯುವುದನ್ನೂ ಪ್ರಮಾದಚರ್ಯೆಯೆಂಬ ಅನರ್ಥದಂಡದಲ್ಲಿ ಸೇರಿಸಿದೆ. ಉತ್ಸವದ ಹೆಸರಿನಲ್ಲಿ ಎರಡು ದಿನದ ವಾಹನ ನಿಲುಗಡೆಗಾಗಿ ಎಕರೆಗಟ್ಟಲೆ ಕುರುಚಲನ್ನು ಕೆರೆದು ಹಾಕುತ್ತೇವಲ್ಲ, ಅದಕ್ಕೆ ಬೇರೆ ಯಾವ ಹೆಸರಿದೆ? ಆ ಬೋಳು ನೆಲಕ್ಕೆ ಎಲ್ಲಿಂದಲೋ ಟಿಪ್ಪರ್‌ಗಳಲ್ಲಿ ಮಣ್ಣು ತರಿಸುತ್ತೇವೆ. ಅದರೊಡನೆ ಪಾರ್ಥೇನಿಯಂ ಬೀಜವೂ ಬರುತ್ತದೆ. ಮುಂದಿನ ವರ್ಷ ಮತ್ತೆ ಜೆಸಿಬಿ. ಪ್ರತಿವರ್ಷದ ಈ ಹಿಂಸೆಗೆ ಟ್ರಸ್ಟಿನ ಲೆಕ್ಕಪುಸ್ತಕದಲ್ಲಿ ಸ್ವಚ್ಛತಾ ವೆಚ್ಚವೆಂದು ನಮೂದಾಗುತ್ತದೆ!

ಗಿಡವನ್ನು ಮುಟ್ಟಲೇಬಾರದೆನ್ನುವ ಬಂಧುಗಳಿಗೂ ಒಂದು ಮಾತು. ಲಂಟಾನದ ಪೊದೆಯ ಕೆಳಗೆ ಹುಲ್ಲು ಏಳದು, ನೆಲ್ಲಿ, ಮತ್ತಿಗಳ ಸಸಿ ಮೇಲೆ ಬಾರದು. ಸುಮ್ಮನಿರುವುದರಿಂದ ಆ ಜೀವಗಳಿಗೆ ಅಭಯ ದೊರೆತಂತಾಗಲಿಲ್ಲ.

ಟ್ರಸ್ಟುಗಳು ಮಾಡಬಹುದಾದ ಕೆಲಸ ದುಬಾರಿಯದಲ್ಲ. ಈಗ ಉಳಿದಿರುವ ಕುರುಚಲನ್ನು ಕೆರೆಯಬಾರದು. ಲಂಟಾನದ ತಾಯಿಬೇರನ್ನು ಮಣ್ಣಿನಿಂದ 3–5 ಸೆಂ.ಮೀ. ಕೆಳಗೆ ಕತ್ತರಿಸಿ, ಗಿಡವನ್ನು ತಲೆಕೆಳಗಾಗಿ ಇಡಬೇಕು. ಮೇಲೆ ಮೇಲೆ ಸವರಿದರೆ ಅದು ಮತ್ತೆ ಚಿಗುರುತ್ತದೆ. ತೆರವಾದ ಜಾಗದಲ್ಲಿ ಕೂಡಲೇ ಊರಿನ ಹುಲ್ಲು, ಕವಳೆ, ತಂಗಡಿ, ಹೊಂಗೆಗಳನ್ನು ಬೆಳೆಸಬೇಕು. ಪಾರ್ಥೇನಿಯಂ ಅನ್ನು ಹೂವಾಗುವ ಮೊದಲೇ, ಕೈಗವಸು ತೊಟ್ಟು ಕೀಳಬೇಕು. ವನಮಹೋತ್ಸವಕ್ಕೆ ಅಕೇಶಿಯಾ ಸಸಿಗಳನ್ನು ದಾನ ನೀಡಲು ಬಂದವರಿಗೆ ವಿನಯದಿಂದ ಬೇಡವೆನ್ನಬೇಕು. ಮುಂದಿನ ಉತ್ಸವದ ಸಿದ್ಧತಾ ಸಭೆಯಲ್ಲಿ ಜೆಸಿಬಿ ಬಾಡಿಗೆಯ ಬಾಬತ್ತು ಮಂಜೂರಾತಿಗೆ ಬಂದಾಗ, ಯಾವ ನೆಲವನ್ನು ಏಕೆ ಕೆರೆಯಬೇಕೆಂದು ಸದಸ್ಯರೊಬ್ಬರಾದರೂ ಎದ್ದು ಕೇಳಲಿ. ಉತ್ತರವನ್ನು ನಡಾವಳಿಯಲ್ಲಿ ಬರೆಸಲಿ.