ಆಡ್ಲಿಕ್ಕೆ ಹೋದದ್ದೋ?

ಡಿಸೆಂಬರಿನ ಒಂದು ಭಾನುವಾರ, ಆಲ್ಟೆನ್‌ಬರ್ಗ್‌ನ ಹಿಮದ ಇಳಿಜಾರಿನಲ್ಲಿ ಮರದ ಸ್ಲೆಡ್ಜ್ ಮೇಲೆ ಕೂತಿದ್ದ ನನ್ನ ಫೋಟೊವನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಐದೇ ನಿಮಿಷದಲ್ಲಿ ದೊಡ್ಡಪ್ಪನ ಉತ್ತರ ಬಂತು: "ಓದ್ಲಿಕ್ಕೆ ಹೋದದ್ದೋ, ಆಡ್ಲಿಕ್ಕೆ ಹೋದದ್ದೋ?" ಅದರ ಕೆಳಗೆ ನಾಲ್ಕು ಹೆಬ್ಬೆರಳುಗಳು. ಒಂದು ನನ್ನ ಅಪ್ಪನದು.

ಅವತ್ತು ಸುಮ್ಮನಾದೆ. ಮುಂದಿನ ವಾರ ಅದೇ ಗುಡ್ಡದ ಮೇಲಿದ್ದಾಗ ಅಮ್ಮನ ಫೋನ್ ಬಂತು, "ಲೈಬ್ರರಿಯಲ್ಲಿದ್ದೇನೆ" ಅಂದುಬಿಟ್ಟೆ. ಆ ಸುಳ್ಳು ಇವತ್ತಿಗೂ ಚುಚ್ಚುತ್ತದೆ. ಹಾಗಾಗಿ ಈಗ ಹೇಳುತ್ತೇನೆ: ಹೌದು ದೊಡ್ಡಪ್ಪ, ಆಡ್ಲಿಕ್ಕೂ ಹೋದದ್ದು. ಆಡಿದರೆ ಚೆನ್ನಾಗಿ ಓದಬಹುದು ಎಂಬ ಸಬೂಬನ್ನು ಮಾತ್ರ ಕೊಡಲಾರೆ. ಅದೂ ಕೊನೆಗೆ ಆಟವನ್ನು ಅಂಕಪಟ್ಟಿಯ ಆಳಾಗಿಸುವ ಮಾತೇ.

ನಾನು ಓದಿದ್ದು ಜರ್ಮನಿಯ ಡ್ರೆಸ್ಡೆನ್‌ನಲ್ಲಿ. ಅಲ್ಲಿ ಡಿಸೆಂಬರಿನ ಕೊನೆಯಲ್ಲಿ ಬೆಳಗಾಗುವುದು ಎಂಟಕ್ಕೆ, ಕತ್ತಲಾಗುವುದು ನಾಲ್ಕಕ್ಕೆ. ಆ ನಡುವಿನ ಬೆಳಕೂ ಬೂದಿ ಬಣ್ಣದ್ದು. ನನ್ನ ಪಕ್ಕದ ಕೋಣೆಯಲ್ಲಿ ರಾಯಚೂರಿನ ಹುಡುಗನೊಬ್ಬನಿದ್ದ. ಬಿಸಿಲಲ್ಲಿ ಬೆಳೆದವನು. ತರಗತಿ, ರಾತ್ರಿ ಗೋದಾಮಿನಲ್ಲಿ ಪಾರ್ಸೆಲ್ ಎತ್ತುವ ಕೆಲಸ, ಹಗಲು ನಿದ್ದೆ, ಇಷ್ಟೇ ಅವನ ದಿನಚರಿ. "ಬಾರೋ" ಅಂತ ಕರೆದರೆ "ಟೈಮ್ ವೇಸ್ಟ್ ರೀ" ಅನ್ನುತ್ತಿದ್ದ. ಜನವರಿಯಲ್ಲಿ ಅಡುಗೆಮನೆಗೆ ಬರುವುದನ್ನು ನಿಲ್ಲಿಸಿದ. ಆಮೇಲೆ ಪರದೆ ಸರಿಸುವುದನ್ನೂ ನಿಲ್ಲಿಸಿದ. ಎರಡು ಪರೀಕ್ಷೆಗೆ ಹೋಗಲೇ ಇಲ್ಲ. ಮನೆಗೆ "ಸ್ವಲ್ಪ ಚಳಿ, ಅಷ್ಟೇ" ಎಂದು ಹೇಳುತ್ತಿದ್ದುದು ಗೋಡೆಯಾಚೆ ನನಗೆ ಕೇಳಿಸುತ್ತಿತ್ತು. ಅವನನ್ನು ಸೋಮಾರಿ ಎಂದವರು ನಮ್ಮವರೇ. ಅಷ್ಟು ದುಡಿದ ಇನ್ನೊಬ್ಬ ಹುಡುಗನನ್ನು ನಾನು ನೋಡಿಲ್ಲ.

ಸಾಲದ ಮಾತು ಸುಳ್ಳಲ್ಲ, ಒಪ್ಪುತ್ತೇನೆ. ಈಗ ಜರ್ಮನಿಗೆ ಓದಲು ಹೋಗುವವರು ಸಾಮಾನ್ಯವಾಗಿ ವರ್ಷಕ್ಕೆ 11,904 ಯೂರೋ ಖಾತೆಯಲ್ಲಿಟ್ಟು ತೋರಿಸಬೇಕು. ತಿಂಗಳಿಗೆ ಕೈಗೆ ಸಿಗುವುದು 992. ಆದರೆ ನನ್ನ ಆ ಭಾನುವಾರದ ಖರ್ಚೆಷ್ಟು? ಹೈಡೆನಾವ್‌ನಿಂದ ಮ್ಯೂಗ್ಲಿಟ್ಸ್ ಕಣಿವೆಯಲ್ಲಿ ತಿರುಗುತ್ತಾ ಬೆಟ್ಟ ಹತ್ತುವ ಪುಟ್ಟ ರೈಲಿಗೆ ಸೆಮಿಸ್ಟರ್ ಟಿಕೆಟ್ಟೇ ಸಾಕಿತ್ತು. ಸ್ಲೆಡ್ಜ್ ಸಹಪಾಠಿಯ ಅಜ್ಜನದು. ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ಚಪಾತಿ. ಬಿದ್ದೆ, ಎದ್ದೆ, ಆರು ವರ್ಷದ ಮಕ್ಕಳಿಂದ ನಗಿಸಿಕೊಂಡೆ. ಹಿಮ ಬಿದ್ದ ದಿನ ಕತ್ತಲಿಗೂ ಒಂದು ಬೆಳಕಿರುತ್ತದೆ ಎಂದು ಗೊತ್ತಾಗಿದ್ದು ಅವತ್ತು, ಸಂಜೆ ಸ್ಟೇಷನ್ನಿಗೆ ನಡೆಯುವಾಗ.

ಇಂಥ ಬಿಡುವನ್ನು "ಟೈಮ್ ವೇಸ್ಟ್" ಅನ್ನುವ ನಾವೇ ರಜೆಯಲ್ಲಿ ಸ್ವಿಟ್ಜರ್ಲೆಂಡಿಗೆ ಓಡುತ್ತೇವೆ. ಟಿಟ್ಲಿಸ್ ಪರ್ವತದ ಮೇಲೆ ಶಾರುಖ್–ಕಾಜೋಲ್‌ರ ಕಟೌಟ್ ನಿಲ್ಲಿಸಿದ್ದಾರಲ್ಲ, ಅದರ ಪಕ್ಕ ಫೋಟೊಕ್ಕೆ ಸಾಲು ಹಚ್ಚುತ್ತೇವೆ. ಅದಕ್ಕೆ ತಿಂಗಳ ಖರ್ಚಿನ ಅರ್ಧ ಹೋದರೂ ಯಾವ ದೊಡ್ಡಪ್ಪನೂ ಕೇಳುವುದಿಲ್ಲ, ಏಕೆಂದರೆ ಅದು ಸಾಧನೆ, ಊರಿಗೆ ತೋರಿಸಬಹುದು. ವಿದೇಶೀ ಓದನ್ನು ಮಾರುವ ಏಜೆಂಟರ ಪೋಸ್ಟರುಗಳಲ್ಲೂ ಈ ಹಿಮವೇ ಇರುತ್ತದೆ. ಮಂಗಳವಾರ ಸಂಜೆಯ ನಾಲ್ಕು ಗಂಟೆ ಇರುವುದಿಲ್ಲ.

ಜರ್ಮನರು ದುಡಿಯುವುದಿಲ್ಲವೇ? ಆದರೂ ಭಾನುವಾರವನ್ನು ದುಡಿಮೆಯಿಂದ ಕಾಪಾಡುವ ವಿಧಿಯೊಂದು ಅವರ 1919ರ ವೈಮಾರ್ ಸಂವಿಧಾನದಲ್ಲಿತ್ತು. 1949ರ ಸಂವಿಧಾನವೂ ಅದನ್ನು ಉಳಿಸಿಕೊಂಡಿತು. ಇವತ್ತಿಗೂ ಭಾನುವಾರ ಬಹುತೇಕ ಅಂಗಡಿಗಳು ಬಾಗಿಲು ಹಾಕುತ್ತವೆ. ಆ ಸಂವಿಧಾನಬದ್ಧ ಬಿಡುವಿನಲ್ಲಿ ಅವರ ಮನೆಬಾಗಿಲಿಗೆ ಪಿಜ್ಜಾ ಹೊತ್ತು ಸೈಕಲ್ ತುಳಿಯುವವರಲ್ಲಿ ನಮ್ಮ ಹುಡುಗರೂ ಇದ್ದಾರೆ, ಅದು ಬೇರೆ ಮಾತು. ಬೇರೆ ಮಾತೇನೂ ಅಲ್ಲ, ಇದೇ ಮಾತು.

ಇದೆಲ್ಲ ಬಿಳಿಯರ ಸಂಸ್ಕೃತಿ ಅನ್ನಬೇಡಿ ದೊಡ್ಡಪ್ಪ. ಕೊಯ್ಲು ಮುಗಿದ ಗದ್ದೆಗೆ ಮೇಳ ಬಂದರೆ ಚಾಪೆ, ಕಂಬಳಿ ಹೊತ್ತು ಹೋಗಿ ಬೆಳಗಿನವರೆಗೆ ಕೂರುತ್ತಿದ್ದವರು ನೀವು. ಎಸ್ಸೆಸ್ಸೆಲ್ಸಿ ವರ್ಷವೂ ತಪ್ಪಿಸಲಿಲ್ಲವೆಂದು ನೀವೇ ಹೇಳಿದ್ದು. ನಮ್ಮ ಕರಾವಳಿಯಲ್ಲಿ ಯಕ್ಷಗಾನಕ್ಕಿರುವ ಹೆಸರೇ ಆಟ. ನವೆಂಬರಿನಲ್ಲಿ ಹೊರಟ ಮೇಳಗಳು ಮೇ ತನಕ ತಿರುಗುತ್ತಿದ್ದ ಊರಿನಲ್ಲಿ, ಚಳಿಗಾಲದ ಆಟ ಯಾವಾಗಿನಿಂದ ಅಪರಾಧವಾಯಿತು? ನಮ್ಮನ್ನು ಪಿಯುಸಿ ಕೋಚಿಂಗಿಗೆ ಬೆಳಗಿನ ಐದಕ್ಕೆ ಎಬ್ಬಿಸಿದಾಗಲೇ ಇರಬೇಕು. ಎಬ್ಬಿಸಿದವರೂ ನೀವೇ.

ಈ ಅಕ್ಟೋಬರಿನಲ್ಲಿ ನಿಮ್ಮ ಮೊಮ್ಮಗ ಅದೇ ಊರಿಗೆ ಹೊರಟಿದ್ದಾನೆ. ಸೂಟ್‌ಕೇಸಿನ ಪಟ್ಟಿಯನ್ನು ಗುಂಪಿಗೆ ಹಾಕಿದ್ದೀರಿ, ಓದಿದೆ. ಸಾಂಬಾರು ಪುಡಿ ಎರಡು ಕೆಜಿ, ಕುಚ್ಚಲಕ್ಕಿ ಐದು, ಉಪ್ಪಿನಕಾಯಿ, ಪ್ರೆಶರ್ ಕುಕ್ಕರ್, ಸರ್ಟಿಫಿಕೇಟುಗಳ ಮೂರು ಸೆಟ್ ಜೆರಾಕ್ಸ್. ಅಕ್ಕಿ ಅಲ್ಲೂ ಸಿಗುತ್ತದೆ. ಎರಡು ಕೆಜಿ ತೆಗೆದು, ಆ ಜಾಗದಲ್ಲಿ ಉಣ್ಣೆಯ ಕಾಲುಚೀಲ, ಕೈಗವಸು ಇಡಿ. ಮ್ಯೂಗ್ಲಿಟ್ಸ್ ರೈಲು ಎಲ್ಲಿ ಹತ್ತಬೇಕೆಂದು ನಾನು ಅವನಿಗೆ ಹೇಳಿದ್ದೇನೆ.